ಅಳಿವೆ ಬಾಯಿಗೆ ಬಂದ ಗೌಂಡಿ

ಬೆಳಿಗ್ಗೆ ಎದ್ದ ಕೂಡಲೇ ಮಾಳಿಗೆ ಹತ್ತಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವ ಚಟ ನನಗೆ. ಚಹಾ ಇಲ್ಲದೆ ಇರಬಲ್ಲೆ, ಗಾಳಿ ನೋಡದೆ ಇರಲಾರೆ. ಬೀದರಿನ ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ ಗಾಳಿ ಯಾವ ದಿಕ್ಕಿನಿಂದ ಬಂದರೂ ಹೊತ್ತು ತರುವುದು ತೊಗರಿ ಹೊಟ್ಟಿನ ಧೂಳನ್ನೇ. ಅದನ್ನು ನೋಡಿ ತಿಳಿದುಕೊಳ್ಳುವಂಥದ್ದು ಏನೂ ಇಲ್ಲ. ಆದರೂ ಹತ್ತುತ್ತೇನೆ, ಬೆರಳು ಒದ್ದೆ ಮಾಡಿ ಎತ್ತಿ ಹಿಡಿಯುತ್ತೇನೆ, ಇಳಿಯುತ್ತೇನೆ.

ಪಕ್ಕದ ಮನೆಯ ರೇಣುಕಾ ಊರ ಹೊರಗಿನ ಕೊಳಾರದ ಕಾರ್ಖಾನೆಗೆ ಮುಂಜಾನೆಯ ಪಾಳಿಗೆ ಹೋಗುತ್ತಾಳೆ. ಒಂದು ದಿನ ತಡೆಯಲಾರದೆ ಕೇಳಿದಳು.

"ಅಕ್ಕೋರೆ, ದಿನಾ ಮುಂಜಾನಿ ಮ್ಯಾಗ ನಿಂತು ಏನ್ ನೋಡ್ತೀರಿ?"

"ಗಾಳಿ ನೋಡ್ತೇನಿ."

"ಗಾಳಿ ಕಣ್ಣಿಗಿ ಕಾಣ್ತದೇನ್ರಿ?"

"ಕಾಣಂಗಿಲ್ಲ. ಆದ್ರೂ ನೋಡಬೇಕು."

ಅವಳು ತಲೆಯಾಡಿಸಿ ಹೋದಳು. ನಾಲ್ಕು ದಿನ ಬಿಟ್ಟು, ಇದು ಬಿ.ಪಿ.ಗೆ ಒಳ್ಳೆಯದೋ ಅಥವಾ ಶುಗರ್‌ಗೋ ಎಂದು ವಿಚಾರಿಸಿದಳು. ಎರಡಕ್ಕೂ ಅಲ್ಲ ಎಂದೆ. ಅವಳಿಗೆ ನಿರಾಸೆಯಾಯಿತು.

ಇದು ಸರ್ಕಾರ ಹಚ್ಚಿದ ಚಟ. ನಾನು ಹನ್ನೊಂದು ವರ್ಷ ಬಂದರು ಇಲಾಖೆಯಲ್ಲಿ ಗುಮಾಸ್ತಳಾಗಿದ್ದೆ, ದಿನಾ ಬೆಳಿಗ್ಗೆ ಗಾಳಿಯ ದಿಕ್ಕು ನೋಡಿ ಪುಸ್ತಕದಲ್ಲಿ ಬರೆಯುವುದೂ ನನ್ನ ಕೆಲಸವಾಗಿತ್ತು. ಔರಾದ ತಾಲೂಕಿನ ಹಳ್ಳಿಯ ಹುಡುಗಿ, ಮಾಂಜರಾ ನದಿ ಬಿಟ್ಟರೆ ಬೇರೆ ದೊಡ್ಡ ನೀರು ಕಂಡವಳಲ್ಲ. ಪರೀಕ್ಷೆ ಬರೆದಾಗ ಯಾವ ಇಲಾಖೆ ಎಂದು ನೋಡಿರಲಿಲ್ಲ, ನೌಕರಿ ಎಂದಷ್ಟೇ ನೋಡಿದ್ದೆ. ಆದೇಶದ ಕಾಗದದಲ್ಲಿ 'ಬಂದರು' ಎಂದಿತ್ತು. ನಮ್ಮ ಅವ್ವ ಅದನ್ನು ಓದಿಸಿ ಕೇಳಿ, "ಯಾರು ಬಂದರು?" ಎಂದಳು.

ನೌಕರಿಯ ಊರು ಕರಾವಳಿಯ ಒಂದು ಚಿಕ್ಕ ಬಂದರು. ಅಲ್ಲಿಂದ ನಾನು ವರ್ಷಕ್ಕೊಮ್ಮೆ ತಪ್ಪದೆ ಒಂದು ಅರ್ಜಿ ಬರೆಯುತ್ತಿದ್ದೆ: ನನ್ನನ್ನು ಬೀದರಿಗೆ ವರ್ಗ ಮಾಡಬೇಕು ಎಂದು. ಬಂದರು ಇಲಾಖೆಯವರನ್ನು ಬೀದರಿಗೆ ವರ್ಗ ಕೇಳುವುದು ಅರಣ್ಯ ಇಲಾಖೆಯವರನ್ನು ಸಮುದ್ರದ ನಡುವಿಗೆ ವರ್ಗ ಕೇಳಿದ ಹಾಗೆ. ಬೀದರ ಜಿಲ್ಲೆಯಲ್ಲಿ ಇಲಾಖೆಗೆ ಯಾವುದೇ ಬಂದರು ಇಲ್ಲದ ಕಾರಣ ಮನವಿಯನ್ನು ಪರಿಗಣಿಸಲು ಬರುವುದಿಲ್ಲ ಎಂದು ಪ್ರತಿ ವರ್ಷವೂ ಗಂಭೀರವಾಗಿ ಉತ್ತರ ಬರುತ್ತಿತ್ತು. ಒಂದು ವರ್ಷ ಮಾತ್ರ ಯಾರೋ ರಸಿಕರು 'ಸದ್ಯಕ್ಕೆ' ಎಂಬ ಪದ ಸೇರಿಸಿದ್ದರು. ಸದ್ಯಕ್ಕೆ ಬಂದರು ಇಲ್ಲ. ಆ ಒಂದು ಪದದ ಆಸೆಯ ಮೇಲೆ ನಾನು ಇನ್ನೊಂದು ವರ್ಷ ಕಳೆದೆ.

ಆ ಊರಿನ ಹೆಸರು ಬೇಡ. ನದಿ ಬಂದು ಸಮುದ್ರ ಸೇರುವ ಜಾಗಕ್ಕೆ ಅಲ್ಲಿಯವರು ಅಳಿವೆ ಎನ್ನುತ್ತಾರೆ. ಮೊದಲ ಸಲ ಆ ಮಾತು ಕೇಳಿದಾಗ ನನಗೆ ಅಳಿವು ಉಳಿವಿನ ಅಳಿವು ನೆನಪಾಗಿ, ಇಂಥ ಅಶುಭದ ಹೆಸರನ್ನು ಯಾಕೆ ಇಟ್ಟುಕೊಂಡಿದ್ದಾರೆ ಅನ್ನಿಸಿತ್ತು. ಆಮೇಲೆ ತಿಳಿಯಿತು, ಹೊಳೆ ತನ್ನ ಹೆಸರು ಕಳೆದುಕೊಳ್ಳುವುದು ಅಲ್ಲಿಯೇ. ಅಳಿವೆ ಬಾಯಿಯ ದಕ್ಷಿಣ ದಂಡೆಯಲ್ಲಿ ನಮ್ಮ ಕಚೇರಿ, ಅದರ ಮುಂದಿನ ದಿಬ್ಬದ ಮೇಲೆ ಒಂದು ಎತ್ತರದ ಕಂಬ. ಉತ್ತರ ದಂಡೆಯಲ್ಲಿ ಗುಡ್ಡ, ಗುಡ್ಡದ ಬುಡದಿಂದ ನೀರಿನವರೆಗೂ ಇಳಿದು ಬಂದ ಕೋಟೆ. ನಮ್ಮ ಕಡೆಯೂ ಒಂದು ಮುರುಕು ಬುರುಜು ಇತ್ತು. ಹಿಂದೆ ಎರಡು ಬುರುಜುಗಳ ನಡುವೆ ನೀರಿನ ಮೇಲೆ ಕಬ್ಬಿಣದ ಸರಪಳಿ ಎಳೆದು ಕಟ್ಟುತ್ತಿದ್ದರಂತೆ, ಬೇಡದ ಹಡಗು ಒಳಗೆ ಬಾರದ ಹಾಗೆ. ಕೋಟೆ ಕಟ್ಟಿಸಿದವರು ಯಾರು ಎಂದು ಕೇಳಿದರೆ ಊರಲ್ಲಿ ಮೂರು ಉತ್ತರ ಸಿಗುತ್ತಿದ್ದವು. ಪಾಳೆಯಗಾರರು ಎಂದು ಒಬ್ಬರು, ಫರಂಗಿಯವರು ಎಂದು ಇನ್ನೊಬ್ಬರು, ಸುಲ್ತಾನರು ಎಂದು ಮತ್ತೊಬ್ಬರು. ನಮ್ಮ ಕಾವಲುಗಾರ ಗಣಪು ಮಾತ್ರ, "ಮೂರೂ ಜನ ಕಟ್ಟಿದ್ರು ಮೇಡಮ್ಮ, ಒಬ್ಬರು ಕಟ್ಟಿದ್ದು ಇನ್ನೊಬ್ಬರು ಬೀಳ್ಸೂದು, ಮತ್ತೆ ಕಟ್ಟೂದು, ಅಷ್ಟೇಯ" ಎನ್ನುತ್ತಿದ್ದ. ಇತಿಹಾಸವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಗುಡ್ಡದಿಂದ ನೋಡಿದರೆ ಎಡಗಡೆ ಹೊಳೆಯ ಹಸಿರು ನೀರು, ಬಲಗಡೆ ಸಮುದ್ರದ ನೀಲಿ ನೀರು, ನಡುವೆ ಮರಳ ದಿಬ್ಬದ ಮೇಲೆ ಬಿಳಿ ನೊರೆ. ಆ ದಿಬ್ಬ ನೀರಿನ ಒಳಗಿರುತ್ತಿತ್ತು. ಅದನ್ನು ದಾಟಿ ಹೊರಗೆ ಹೋಗುವುದೇ ಕಷ್ಟ, ದಾಟಿ ಒಳಗೆ ಬರುವುದು ಅದಕ್ಕಿಂತ ಕಷ್ಟ. ಬೆಳಿಗ್ಗೆ ದೋಣಿಗಳು ಸಾಲಾಗಿ ಕೋಟೆಯ ನೆರಳನ್ನು ದಾಟಿ ಹೋಗುತ್ತಿದ್ದವು. ನೋಡಲು ಬಹಳ ಚೆಂದ. ನೋಡಿ ಯಾರಿಗೆ ಹೇಳುವುದು ಎಂಬುದೊಂದೇ ತೊಂದರೆ.

ಯಾಕೆಂದರೆ ಅಲ್ಲಿ ನನಗೆ ಮಾತಿಗೆ ಯಾರೂ ಇರಲಿಲ್ಲ. ಜನ ಒಳ್ಳೆಯವರೇ. ಆದರೆ ಅವರ ಮಾತಿನ ವೇಗಕ್ಕೆ ನಾನು ಮುಟ್ಟುವಷ್ಟರಲ್ಲಿ ಅವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ನಾನು "ಹ್ಯಾಂಗ" ಎಂದರೆ ನಗುತ್ತಿದ್ದರು. ಮೊದಲ ತಿಂಗಳು ಸಮುದ್ರ ಉಬ್ಬಿ ಭರತದ ನೀರು ಕಚೇರಿಯ ಮೆಟ್ಟಿಲವರೆಗೆ ಬಂದಾಗ ನೆರೆ ಬಂತೆಂದು ತಿಳಿದು ಕಡತಗಳನ್ನೆಲ್ಲ ಕಪಾಟಿನ ಮೇಲಕ್ಕೆ ಏರಿಸಿದ್ದೆ. ಗಣಪು ಅದನ್ನು ಮೀನು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಅವ್ವ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಕಡಕ್ ರೊಟ್ಟಿ ನಮ್ಮಲ್ಲಿ ತಿಂಗಳಿದ್ದರೂ ಕಡಕ್ಕೇ ಇರುವಂಥದ್ದು. ಅಲ್ಲಿಯ ಉಪ್ಪುಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗಿ ಒದ್ದೆ ಅರಿವೆಯಂತೆ ಜೋತುಬಿತ್ತು. ನೌಕರಿಗೆ ಸೇರಿದ ಮೇಲೆ ನಾನು ಮೊದಲ ಸಲ ಅತ್ತದ್ದು ಅವತ್ತು, ರೊಟ್ಟಿ ನೋಡಿ. ಊರಿನ ನೆನಪಿಗೆ ಅತ್ತೆ ಎಂದು ಬರೆದರೆ ಗೌರವವಾಗಿರುತ್ತಿತ್ತು. ಆದರೆ ಅತ್ತದ್ದು ರೊಟ್ಟಿಗೆ.

ಊರಿಗೆ ಫೋನು ಮಾಡಿದರೆ ಅವ್ವ ಮಾತಾಡುತ್ತಿದ್ದಳು, ತಮ್ಮ ಮಾತಾಡುತ್ತಿದ್ದ. ಅಪ್ಪ ಮಾತಾಡುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಭಾಲ್ಕಿಯಲ್ಲಿ ನನ್ನ ಸೋದರಮಾವ ಇದ್ದ, ಅವನಿಗೊಬ್ಬ ಮಗ. ನಾನು ತೊಟ್ಟಿಲಲ್ಲಿ ಇದ್ದಾಗಲೇ ಅವನಿಗೆ ಎಂದು ಮಾತಾಗಿತ್ತು. ನೌಕರಿಯ ಕಾಗದ ಬಂದಾಗ ನಾನು ಒಲ್ಲೆ ಎಂದೆ. ಹುಡುಗ ಕೆಟ್ಟವನಲ್ಲ, ನನಗೆ ಅವನ ಬಗ್ಗೆ ಏನೂ ಅನ್ನಿಸುತ್ತಿರಲಿಲ್ಲ ಅಷ್ಟೆ. ಅಪ್ಪ ಬೈಯಲಿಲ್ಲ. "ನಿನ್ನ ಮರ್ಜಿ" ಎಂದ. ಅದಾದ ಮೇಲೆ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟ.

ಅಪ್ಪನ ಹೆಸರು ಮಾಣಿಕ. ಕಸುಬಿನಿಂದ ಗೌಂಡಿ. ಅಕ್ಷರ ಬಾರದು, ಕಲ್ಲು ಬರುತ್ತಿತ್ತು. ಬೀದರ ಕೋಟೆಯಲ್ಲಿ ಎಲ್ಲಿಯಾದರೂ ಗೋಡೆ ಕುಸಿದರೆ ದುರಸ್ತಿಗೆ ಕರೆಯುವ ದಿನಗೂಲಿಯವರಲ್ಲಿ ಅವನೂ ಒಬ್ಬ. ನಾನು ಸಣ್ಣವಳಿದ್ದಾಗ ಶಾಲೆಗೆ ರಜೆ ಬಂದರೆ ನನ್ನನ್ನೂ ಔರಾದಿನ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಅವನು ಗುಂಬಜ್ ದರವಾಜದ ಬದಿಯಲ್ಲಿ ಸುಣ್ಣದ ಗಚ್ಚು ಕಲಸುತ್ತಿದ್ದರೆ ನಾನು ಕಂದಕದ ದಂಡೆಯಲ್ಲಿ ಕೂತು ಪುಂಡಿಪಲ್ಯ ರೊಟ್ಟಿಯ ಗಂಟು ಕಾಯುತ್ತಿದ್ದೆ. ಮಂಗಗಳಿಂದ. ಆ ಕೆಂಪು ಕಲ್ಲಿನ ಮೇಲೆ ಕೂತು ಎದ್ದರೆ ಲಂಗವೆಲ್ಲ ಕೆಂಪು. ಅವ್ವ ಬೈಯುತ್ತಿದ್ದುದು ಅಪ್ಪನಿಗೆ. ಅವನು ಅದಕ್ಕೂ ಮಾತಾಡುತ್ತಿರಲಿಲ್ಲ. ಮಾತು ಬಿಟ್ಟ ಮೇಲಿನ ಅಪ್ಪನಿಗೂ ಬಿಡುವ ಮೊದಲಿನ ಅಪ್ಪನಿಗೂ ಹೊರಗಿನವರಿಗೆ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

ಹೀಗಿರುವಾಗ ನನ್ನ ಮೂರನೆಯ ವರ್ಷದ ಮೇ ತಿಂಗಳಲ್ಲಿ, ಒಂದು ಮಧ್ಯಾಹ್ನ, ಕಚೇರಿಯ ಜಗಲಿಯ ಮೇಲೆ ಬಿಳಿ ಧೋತರ, ಬಿಳಿ ಟೊಪ್ಪಿಗೆಯ ಒಬ್ಬ ಮನುಷ್ಯ ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಅಪ್ಪ. ಎರಡು ಬಸ್ಸು, ಒಂದು ರೈಲು, ಮತ್ತೊಂದು ಬಸ್ಸು ಬದಲಿಸಿ, ವಿಳಾಸದ ಚೀಟಿಯನ್ನು ದಾರಿಯಲ್ಲಿ ಕಂಡಕಂಡವರಿಗೆ ತೋರಿಸುತ್ತ ಬಂದಿದ್ದ.

"ಅವ್ವ ಆರಾಮ ಇದ್ದಾಳೇನು?" ಎಂದೆ.

"ಆರಾಮ ಇದ್ದಾಳ. ರೊಟ್ಟಿ ಕೊಟ್ಟು ಕಳಸ್ಯಾಳ."

"ರೊಟ್ಟಿ ಕೊಡಾಕ ಇಷ್ಟು ದೂರ ಬಂದಿ?"

"ಹ್ಞೂಂ" ಎಂದ. ಎರಡು ವರ್ಷದ ಮೇಲೆ ನಮ್ಮ ಮೊದಲ ಮಾತುಕತೆ ಇಷ್ಟು.

ಸಮುದ್ರವನ್ನು ಮೊದಲ ಸಲ ನೋಡಿದವರು ಏನಾದರೂ ಹೇಳುತ್ತಾರೆ. ಅಪ್ಪ ಏನೂ ಹೇಳಲಿಲ್ಲ. ಸಂಜೆ ದಿಬ್ಬದ ಮೇಲೆ ನಿಲ್ಲಿಸಿ ತೋರಿಸಿದೆ. ಅವನು ಸಮುದ್ರದ ಕಡೆ ಒಮ್ಮೆ ನೋಡಿ, ಆಮೇಲೆ ಆಚೆ ದಂಡೆಯ ಕೋಟೆಯ ಕಡೆಗೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ಅದು ನಮ್ಮ ಕಲ್ಲು" ಎಂದ.

ಅದು ನಿಜ. ಎರಡು ವರ್ಷಕ್ಕೂ ಮಿಕ್ಕಿ ದಿನಾ ನೋಡಿದರೂ ನನಗೆ ಹೊಳೆದಿರಲಿಲ್ಲ. ಬೀದರ ಕೋಟೆ ಕಟ್ಟಿದ ಅದೇ ತೂತು ತೂತಿನ ಕೆಂಪು ಕಲ್ಲು, ಸಮುದ್ರದ ಗಾಳಿಗೆ ಕಪ್ಪು ಹಿಡಿದು ಬೇರೆ ಕಾಣುತ್ತಿತ್ತು ಅಷ್ಟೆ. ಬಹಮನಿ ಸುಲ್ತಾನರ ಕಾಲಕ್ಕೆ ಅರಬಸ್ತಾನದ ಕುದುರೆಗಳು ಪಡುವಣದ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬೀದರಿಗೆ ಬರುತ್ತಿದ್ದವು ಎಂದು ಶಾಲೆಯಲ್ಲಿ ಓದಿದ್ದೆ. ಹಡಗಿನಲ್ಲಿ ತಿಂಗಳುಗಟ್ಟಲೆ ನಿಂತು ಬಂದ ಆ ಕುದುರೆಗಳು ಇಂಥದ್ದೇ ಒಂದು ಬಾಗಿಲಲ್ಲಿ ಇಳಿದು ಕೆಂಪು ಕಲ್ಲು ನೋಡಿ, ಮತ್ತೆ ವಾರಗಟ್ಟಲೆ ನಡೆದು ಇನ್ನೊಂದು ಬಾಗಿಲಲ್ಲಿ ಅದೇ ಕೆಂಪು ಕಲ್ಲು ನೋಡಿ ಏನಂದುಕೊಂಡವೋ. ಅಪ್ಪನಿಗೆ ಇದನ್ನು ಹೇಳಿದೆ. "ಕುದರಿ ಏನ್ ಅಂತಾವ" ಎಂದ. ಆ ವಿಷಯ ಅಲ್ಲಿಗೆ ಮುಗಿಯಿತು.

ಮರುದಿನ ಹೊಳೆ ದಾಟಿಸುವ ಕಡವಿನ ದೋಣಿಯಲ್ಲಿ ಆಚೆ ದಂಡೆಗೆ ಕರೆದುಕೊಂಡು ಹೋದೆ. ದೋಣಿ ಎಂದರೆ ನನಗೆ ಆಗಲೂ ಭಯ, ಈಗಲೂ ಭಯ. ಬಂದರು ಇಲಾಖೆಯ ನೌಕರಿಯವಳಾದ ನಾನು ಕಣ್ಣು ಮುಚ್ಚಿ ದೋಣಿಯ ಅಂಚು ಹಿಡಿದು ಕೂತಿದ್ದರೆ, ಮಾಂಜರಾದಲ್ಲಿ ಎಮ್ಮೆ ಮೈ ತೊಳೆದದ್ದಷ್ಟೇ ಗೊತ್ತಿದ್ದ ಅಪ್ಪ ಬೀಡಿ ಸೇದುತ್ತ ಆರಾಮವಾಗಿ ಕೂತಿದ್ದ. ಕೋಟೆಯ ನೀರಿನ ಕಡೆಯ ಗೋಡೆ ಕಡವಿನ ಪಕ್ಕದಲ್ಲೇ ನೆಟ್ಟಗೆ ಮೇಲೇಳುತ್ತದೆ. ಅದರ ಬುಡದಲ್ಲಿ, ಗೋಡೆಗೆ ಒರಗಿಸಿ, ತೆಂಗಿನ ಗರಿ ಹೊದಿಸಿದ ಒಂದು ಚಹಾದ ಅಂಗಡಿ. ನಡೆಸುವವಳು ದುರ್ಗಮ್ಮ, ಅರುವತ್ತು ದಾಟಿದ ಹೆಂಗಸು. ದೋಣಿ ಕಾಯುವವರೆಲ್ಲ ಅಲ್ಲಿಯೇ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು.

ಅಪ್ಪ ಚಹಾ ಕುಡಿಯಲಿಲ್ಲ. ಗೋಡೆಯ ಉದ್ದಕ್ಕೂ ನಡೆದ. ಅಂಗೈಯಿಂದ ತಟ್ಟಿದ, ಕಿವಿಯಿಟ್ಟ. ದುರ್ಗಮ್ಮನ ಹತ್ತಿರ ಒಂದು ದಾರ ಕೇಳಿ ತುದಿಗೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಟ್ಟು ನೋಡಿದ. ಕಲ್ಲು ಗೋಡೆಯ ನಡುವಿಗೆ ತಾಗಿ ನಿಂತಿತು.

"ಹೊಟ್ಟಿ ಬಂದದ" ಎಂದ.

"ಯಾರಿಗೆ?" ಎಂದು ದುರ್ಗಮ್ಮ ನನ್ನನ್ನು ನೋಡಿದಳು.

"ಗ್ವಾಡಿಗಿ. ಒಳಗ ನೀರು ಕುಂತದ. ಮ್ಯಾಲಿಂದ ಗಿಡದ ಬೇರು ಇಳದಾವ. ಈ ಮಳಿಗಾಲ ತಡಿಯಂಗಿಲ್ಲ."

ಇಬ್ಬರೂ ಮಾತಾಡುತ್ತಿದ್ದುದು ಕನ್ನಡವೇ. ಆದರೂ ನಡುವೆ ನಾನು ದುಭಾಷಿಯಾಗಬೇಕಾಯಿತು. ನಾನು ಹೇಳಿದ್ದನ್ನು ಕೇಳಿ ದುರ್ಗಮ್ಮ ನಕ್ಕಳು.

"ನನ್ನ ಅಜ್ಜಿ ಕಾಲ್ದಿಂದ ಹೀಂಗೇ ಅದೆ ತಂಗಿ. ಎಷ್ಟೋ ಮಳೆ ಕಂಡದೆ. ನಿಮ್ಮ ಅಪ್ಪಯ್ಯಂಗೆ ಹೇಳು, ಚಾ ಕುಡೀಲಿ."

ಅಪ್ಪ ಚಹಾ ಕುಡಿದ, ಗೋಡೆಯಿಂದ ಹತ್ತು ಹೆಜ್ಜೆ ದೂರ ನಿಂತು.

ನಾನು ಕಚೇರಿಗೆ ಬಂದು ಸಾಹೇಬರಿಗೆ ಹೇಳಿದೆ. ಕೋಟೆ ನಮ್ಮ ಇಲಾಖೆಯದಲ್ಲ, ನೀರು ಮಾತ್ರ ನಮ್ಮದು ಎಂದರು. ನೀರಿನ ಮೇಲೆ ಬಿದ್ದರೆ ಆಗ ನೋಡೋಣ ಎಂದೂ ಹೇಳಿದರು. ಆದರೂ ಕೋಟೆ ನೋಡಿಕೊಳ್ಳುವ ಇಲಾಖೆಗೆ ಒಂದು ಕಾಗದ ಬರೆದು ಕಳಿಸಿದೆ. ಅದಕ್ಕೆ ಉತ್ತರ ಬಂದ ನೆನಪಿಲ್ಲ.

ನಾಲ್ಕನೆಯ ದಿನ ಗಣಪು ನೆಂಟರ ಮದುವೆಗೆ ಹೋಗಿದ್ದ. ಬೆಳಿಗ್ಗೆ ಹತ್ತರ ಹೊತ್ತಿಗೆ ಹವಾಮಾನ ಕಚೇರಿಯಿಂದ ಫೋನು ಬಂತು. ಗಾಳಿ ಏಳಲಿದೆ, ಅಪಾಯದ ಗುರುತು ಏರಿಸಿ ಎಂದು. ಬಿದಿರಿನ ಬುಟ್ಟಿಗೆ ಕಪ್ಪು ಬಟ್ಟೆ ಹೊದಿಸಿದಂಥ ಗುರುತುಗಳು ಅವು, ಹಗ್ಗದಲ್ಲಿ ಕಟ್ಟಿ ದಿಬ್ಬದ ಕಂಬಕ್ಕೆ ಏರಿಸಬೇಕು. ಏರಿಸುವುದು ಗಣಪುವಿನ ಕೆಲಸ. ಅವನಿಲ್ಲದ ದಿನ ನನ್ನದು. ನಾನು ಸೆರಗು ಸಿಕ್ಕಿಸಿಕೊಂಡು ದಿಬ್ಬ ಹತ್ತಿದೆ. ಹಗ್ಗ ಎಳೆಯುವಾಗ ರಾಟೆ ಕಿರ್ ಎಂದು ಅತ್ತಿತು. ಕಪ್ಪು ಗುರುತು ತುದಿಗೆ ಹೋಗಿ ನಿಂತಿತು. ಅಪ್ಪ ಜಗಲಿಯಿಂದ ಎದ್ದು ಬಂದು ಕೆಳಗೆ ನಿಂತಿದ್ದ.

ಆ ಹೊತ್ತಿಗೆ ಹದಿನೈದಿಪ್ಪತ್ತು ದೋಣಿಗಳು ಅಳಿವೆ ಬಾಯಿಯ ಹತ್ತಿರ ಇದ್ದವು. ಮುಂದಿನ ದೋಣಿಯವನು ಕೈ ಎತ್ತಿದ. ಒಂದೊಂದಾಗಿ ಎಲ್ಲವೂ ಮೂತಿ ತಿರುಗಿಸಿ ಕೋಟೆಯ ನೆರಳಿಗೆ ಹಿಂತಿರುಗಿದವು. ಒಂದು ಮಾತ್ರ ಮರಳ ದಿಬ್ಬ ದಾಟಿ ಹೊರಗೆ ಹೋಗಿಬಿಟ್ಟಿತ್ತು. ಅದು ನಿಂತಲ್ಲೇ ತೂಗಾಡಿತು. ಆಕಾಶ ಸ್ವಚ್ಛವಾಗಿತ್ತು, ಬಿಸಿಲಿತ್ತು. ಇಂಥ ಹೊತ್ತಿನಲ್ಲಿ ಒಬ್ಬ ಗುಮಾಸ್ತಳ ಮಾತು ಕೇಳಿ ಒಂದು ದಿನದ ಮೀನು ಬಿಡುವುದು ಯಾರಿಗಾದರೂ ಕಷ್ಟವೇ. ನಾನು ಹಗ್ಗ ಹಿಡಿದುಕೊಂಡೇ ನಿಂತಿದ್ದೆ. ಗಟ್ಟಿಯಾಗಿ ಹಿಡಿದರೆ ಅವರು ಬರುತ್ತಾರೆ ಎನ್ನುವ ಹಾಗೆ. ಕೊನೆಗೆ ಅದೂ ತಿರುಗಿತು. ನೊರೆಯ ಮೇಲೆ ಒಮ್ಮೆ ಮೇಲೆದ್ದು ಒಮ್ಮೆ ಕಾಣೆಯಾಗಿ, ಕೋಟೆಯ ಬುರುಜಿನ ಈಚೆ ಬಂದು ಸೇರಿತು.

ಮೂರು ಗಂಟೆಗೆ ಗಾಳಿ ಬಂತು. ನಮ್ಮ ಕಚೇರಿಯ ಹೆಂಚು ಹಾರಿದವು. ದೋಣಿಗಳೆಲ್ಲ ಒಳಗಿದ್ದವು.

ಅಪ್ಪ ಆ ಬಗ್ಗೆ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಆ ರಾಟಿಗಿ ಎಣ್ಣಿ ಹಾಕ" ಎಂದ ಅಷ್ಟೆ. ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ಕೆಲಸ ಮಾಡಿದ್ದೇನೆ, ಒಂದು ಮಾತು ಆಡಬಾರದೇ ಎಂದು. ಅವತ್ತು ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ಅವನಿಗೆ ಕೇಳಿಸಲಿಲ್ಲವೋ ಏನೋ.

ಮರುದಿನದಿಂದ ಅಪ್ಪ ಬೆಳಿಗ್ಗೆಯೇ ಒಬ್ಬನೇ ಕಡವು ದಾಟಿ ಹೋಗತೊಡಗಿದ. ಏನು ಮಾಡುತ್ತಾನೆ ಎಂದು ನಾನು ಕೇಳಲಿಲ್ಲ, ಸಿಟ್ಟಿನಲ್ಲಿದ್ದೆನಲ್ಲ. ಮೂರನೆಯ ಸಂಜೆ ದೋಣಿಯವನು ಬಂದು, "ನಿಮ್ಮ ಅಪ್ಪಯ್ಯ ಅಲ್ಲಿ ಮನೆ ಕಟ್ತಾ ಇದ್ರು" ಎಂದಾಗ ಓಡಿದೆ, ಅಂದರೆ ಕಣ್ಣು ಮುಚ್ಚಿಕೊಂಡು ದೋಣಿಯಲ್ಲಿ ಕೂತೆ.

ಗೋಡೆಯಿಂದ ಐವತ್ತು ಹೆಜ್ಜೆ ಆಚೆ, ಒಂದು ದೊಡ್ಡ ಹೊನ್ನೆ ಮರದ ಕೆಳಗೆ, ಅಪ್ಪ ಅಲ್ಲಲ್ಲಿ ಬಿದ್ದಿದ್ದ ಕೆಂಪು ಕಲ್ಲುಗಳನ್ನು ಹೊತ್ತು ತಂದು ಎರಡು ಬಾಯಿಯ ಒಲೆ ಹಾಕಿದ್ದ. ಹೊಗೆ ನೀರಿನ ಕಡೆ ಹೋಗುವ ಹಾಗೆ ಅದಕ್ಕೊಂದು ಕಿಂಡಿ. ಮರದ ಸುತ್ತ ಹತ್ತು ಜನ ಕೂರುವಷ್ಟು ಕಟ್ಟೆ. ದುರ್ಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನಾ ಕೇಳ್ಲಿಲ್ಲ ತಂಗಿ. ಬೇಡ ಅಂದೆ. ಇವ್ರು ಮಾತೇ ಆಡೂದಿಲ್ಲ, ಕಲ್ಲು ಹೊರೂದೇ ಹೊರೂದು. ಈಗ ದೋಣಿ ಕಾಯೋರೆಲ್ಲ ಇಲ್ಲೇ ಬಂದು ಕೂತ್ಕೊಳ್ತ್ರು. ನಾ ಅಲ್ಲಿ ಒಬ್ಬಳೇ ಕೂತು ಯಾರಿಗೆ ಚಾ ಕಾಯ್ಸೂದು?"

"ಒಲಿ ಹಚ್ಚಿ ನೋಡ್ರಿ ಅಕ್ಕ" ಎಂದ ಅಪ್ಪ.

ಅವಳು ಗೊಣಗುತ್ತಲೇ ಹಚ್ಚಿದಳು. ಹೊಗೆ ಒಂದು ಎಳೆಯೂ ಕಣ್ಣಿಗೆ ಬಾರದೆ ಕಿಂಡಿಯಿಂದ ಹೊಳೆಯ ಕಡೆ ಹೋಯಿತು. ದುರ್ಗಮ್ಮ ಸ್ವಲ್ಪ ಹೊತ್ತು ಹೊಗೆಯನ್ನು ನೋಡಿದಳು. ಅಪ್ಪ ದಾರ ವಾಪಸ್ಸು ಕೊಟ್ಟ. ಮರುದಿನ ತೆಂಗಿನ ಗರಿಯೂ ಪಾತ್ರೆಗಳೂ ಮರದ ಕೆಳಗೆ ಬಂದಿದ್ದವು.

ಎಂಟನೆಯ ದಿನ ಅಪ್ಪ ಹೊರಟ. ಬಸ್‌ ನಿಲ್ದಾಣದಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಕೂತಿದ್ದೆವು. ಬಸ್ಸು ಬರುವ ಹೊತ್ತಾದಾಗ ಅಪ್ಪ ನನ್ನನ್ನು ನೋಡದೆ ಹೇಳಿದ.

"ಭಾಲ್ಕಿಯಾಗ ಇನ್ನೊಂದು ಮನಿತನ ಬಂದದ. ಹುಡುಗ ಸಾಲಿ ಮಾಸ್ತರ. ನಿನ್ನ ಕರ್ಕೊಂಡು ಬರ್ತೇನಿ ಅಂತ ಮಾತು ಕೊಟ್ಟು ಬಂದೀನಿ."

ನಾನು ಅವನ ಕಡೆ ತಿರುಗಿದೆ. "ಎಂಟು ದಿನ ಯಾಕ ಹೇಳ್ಲಿಲ್ಲ?"

"ಮೊದಲ ದಿನಾನೇ ಹೇಳಬೇಕಂದೆ. ನೀ ಸೊರಗಿ ಕಂಡಿ. ಇವತ್ತ ಬ್ಯಾಡ ಅಂದ್ಕೊಂಡೆ." ಬೀಡಿ ತೆಗೆದು ಮತ್ತೆ ಕಿಸೆಯಲ್ಲಿಟ್ಟ. "ಆಮ್ಯಾಲ ಆ ದೋಣಿ ಮಂದಿ ನಿನ್ನ ನೋಡಿ ಹೊಳ್ಳಿ ಬಂದ್ರಲ್ಲ."

"ಹ್ಞೂಂ."

"ಅಷ್ಟು ಮಂದಿ ನಾ ಹೇಳಿದ್ರ ಹೊಳ್ಳಂಗಿಲ್ಲ. ನಿಮ್ಮ ಮಾವ ಹೇಳಿದ್ರೂ ಹೊಳ್ಳಂಗಿಲ್ಲ."

ಬಸ್ಸು ಬಂತು. ಅಪ್ಪ ಗಂಟು ತೆಗೆದುಕೊಂಡ. "ಭಾಲ್ಕಿಯವರಿಗಿ ನಾ ಹೇಳ್ತೇನಿ. ನಿನಗ ರಜಾ ಇಲ್ಲ ಅಂತ" ಎಂದು ಹತ್ತಿ ಕೂತ. ಕಿಟಕಿಯಿಂದ ಕೈ ಬೀಸುವ ಜಾತಿಯಲ್ಲ. ಬಸ್ಸು ತಿರುವು ದಾಟುವವರೆಗೂ ಅವನ ಬಿಳಿ ಟೊಪ್ಪಿಗೆ ಕಾಣುತ್ತಿತ್ತು.

ಜುಲೈ ತಿಂಗಳಲ್ಲಿ, ಐದು ದಿನ ಹಿಡಿದ ಮಳೆಯ ಆರನೆಯ ಬೆಳಿಗ್ಗೆ, ಕೋಟೆಯ ಆ ಗೋಡೆ ಬಿತ್ತು. ಸದ್ದು ನಮ್ಮ ದಂಡೆಗೂ ಕೇಳಿಸಿತು. ಕಡವಿನ ಪಕ್ಕದ ಮೂವತ್ತು ಹೆಜ್ಜೆಯಷ್ಟು ಉದ್ದ ಪೂರ್ತಿ ಕೆಳಗೆ ಬಂದು, ಮೊದಲು ಅಂಗಡಿಯಿದ್ದ ಜಾಗದ ಮೇಲೆ ಆಳೆತ್ತರ ಕಲ್ಲಿನ ರಾಶಿ. ಆ ಹೊತ್ತಿನಲ್ಲಿ ದುರ್ಗಮ್ಮ ಮರದ ಕೆಳಗೆ ಹಾಲು ಕಾಯಿಸುತ್ತಿದ್ದಳು, ಕಟ್ಟೆಯ ಮೇಲೆ ಆರೇಳು ಜನ ದೋಣಿಗೆ ಕಾಯುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ನಾನು ಹೋದಾಗ ದುರ್ಗಮ್ಮ ನನ್ನ ಕೈ ಹಿಡಿದುಕೊಂಡು ಕೂತುಬಿಟ್ಟಳು. ಚಹಾ ಕೊಡುವುದನ್ನೂ ಮರೆತಿದ್ದಳು.

ಊರಿಗೆ ಫೋನು ಮಾಡಿ ಅಪ್ಪನಿಗೇ ಕೊಡು ಎಂದೆ. ಎಲ್ಲ ಹೇಳಿದೆ. ಆ ಕಡೆಯಿಂದ ಕೆಮ್ಮು ಕೇಳಿಸಿತು.

"ಹ್ಞೂಂ" ಎಂದ. "ಇಡ್ತೇನಿ."

ಆ ಕೆಮ್ಮು ಹೋಗಲೇ ಇಲ್ಲ. ಕಲ್ಲಿನ ಪುಡಿ, ಸುಣ್ಣದ ಪುಡಿ, ಬೀಡಿ. ನಾನು ಅರ್ಜಿಗಳನ್ನು ಬರೆಯುತ್ತಲೇ ಇದ್ದೆ, ಬೀದರಿಗೆ ಬಂದರು ಬರಲಿಲ್ಲ. ವರ್ಷಕ್ಕೆರಡು ಸಲ ರಜೆಯಲ್ಲಿ ಹೋದಾಗ ಅಪ್ಪ ಅಂಗಳದ ಹಾಸುಗಲ್ಲಿನ ಮೇಲೆ ಕೂತಿರುತ್ತಿದ್ದ. ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಮಾತು ಇರಲಿಲ್ಲ, ಮುನಿಸೂ ಇರಲಿಲ್ಲ. ಒಂದು ಚಳಿಗಾಲ ತಮ್ಮ ಫೋನು ಮಾಡಿ, "ಜಲ್ದಿ ಬಾ" ಎಂದ. ಬಸ್ಸು, ರೈಲು, ಮತ್ತೆ ಬಸ್ಸು. ಔರಾದದಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿನ ಗುಡ್ಡೆ ಮಾತ್ರ ತೋರಿಸಿದರು. ಅದಾದ ನಾಲ್ಕು ತಿಂಗಳಿಗೆ, ಬೇರೆ ಇಲಾಖೆಗೆ ಎರವಲು ಸೇವೆಯ ಮೇಲೆ ನನಗೆ ಬೀದರ್ ಸಿಕ್ಕಿತು. ಆದೇಶ ಓದಿ ನನಗೆ ಸಂತೋಷವಾಗಲಿಲ್ಲ. ಯಾರಿಗೆ ಹೇಳುವುದು ಎಂಬ ಹಳೆಯ ತೊಂದರೆ ಮತ್ತೆ ಬಂದು ಪಕ್ಕದಲ್ಲಿ ಕೂತಿತು.

ಮದುವೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವ್ವ ತಮ್ಮನ ಜೊತೆ ಹಳ್ಳಿಯಲ್ಲಿ, ನಾನು ಗಂಜಿನ ಹಿಂದಿನ ಎರಡು ಕೋಣೆಯಲ್ಲಿ. ಕರಾವಳಿಯಲ್ಲಿ ನನ್ನ ಬೀದರ್ ಮಾತಿಗೆ ನಗುತ್ತಿದ್ದರು, ಈಗ ಇಲ್ಲಿಯ ಕಚೇರಿಯಲ್ಲಿ ನಾನು ಬಾಯಿತಪ್ಪಿ "ಹೌದಾ, ಎಂತಾ ಆಯ್ತು" ಎಂದರೆ ನಗುತ್ತಾರೆ. ಹನ್ನೊಂದು ವರ್ಷದಲ್ಲಿ ಕಲಿತದ್ದನ್ನು ಮರೆಯಲು ಎಷ್ಟು ವರ್ಷ ಬೇಕೋ.

ಬೀದರಿಗೆ ಬಂದರೂ ಬಹಳ ದಿನ ಕೋಟೆಯ ಕಡೆ ಕಾಲಿಡಲಿಲ್ಲ. ಹೋದ ಚಳಿಗಾಲದ ಒಂದು ಭಾನುವಾರ, ಮನೆಯಲ್ಲಿ ಕೂರಲಾಗದೆ ಹೋದೆ. ಶರ್ಜಾ ದರವಾಜ ದಾಟಿ ಒಳಗೆ ಹೋದರೆ ಗುಂಬಜ್ ದರವಾಜದ ಹತ್ತಿರ ಗೋಡೆಯ ದುರಸ್ತಿ ನಡೆದಿತ್ತು. ಊಟದ ಹೊತ್ತು. ಕಂದಕದ ದಂಡೆಯಲ್ಲಿ ಕೆಲಸದವರು ಗಂಟು ಬಿಚ್ಚಿದ್ದರು. ಬಿಳಿ ಗಡ್ಡದ ಒಬ್ಬ ಮುದುಕ ನನ್ನನ್ನು ನೋಡಿ ಎದ್ದು ಬಂದ.

"ನೀ ಮಾಣಿಕನ ಮಗಳಲ್ಲಾ ಬೇಟಿ? ಮಂಗ್ಯಾ ಕಾಯ್ತಿದ್ದಿ ನೋಡು, ಇಲ್ಲೇ ಕುಂತು?"

ಮಸ್ತಾನ್ ಚಾಚಾ. ಮನ್ನಳ್ಳಿಯವನು. ಅಪ್ಪನ ಜೊತೆ ಮೂವತ್ತು ವರ್ಷ ಒಂದೇ ಗೋಡೆಗೆ ಕಲ್ಲು ಕೊಟ್ಟವನು. ನನ್ನನ್ನು ಕೂರಿಸಿ, ತನ್ನ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟ. ಕಡಕ್ಕಾಗಿತ್ತು.

"ಅಲ್ಲಿ ಸಮುದ್ರದ ಮುಂದಿನ ಕಿಲ್ಲಾ ಬಿತ್ತಂತಲ್ಲ" ಎಂದ.

"ನಿಮಗ ಹ್ಯಾಂಗ ಗೊತ್ತು ಚಾಚಾ?"

"ಗೊತ್ತಿಲ್ದ ಏನು. ನೀ ಫೋನ್ ಮಾಡಿದ ಮರುದಿನ ಅಂವ ಇಲ್ಲಿ ಎಲ್ಲರಿಗೂ ಚಹಾ ಕುಡಿಸಿದ. ಆ ಗ್ವಾಡಿ ಹ್ಯಾಂಗಿತ್ತು, ಎಲ್ಲಿ ಹೊಟ್ಟಿ ಬಂದಿತ್ತು, ಎಲ್ಲಾ ಕೈಮಾಡಿ ಮಾಡಿ ಹೇಳಿದ. ಮಾತೇ ಆಡದ ಮನುಷ್ಯಾ, ಅವತ್ತ ನಮ್ಮನ್ನ ಕೆಲಸಕ್ಕ ಏಳಗೊಡಲಿಲ್ಲ."

ನಾನು ರೊಟ್ಟಿ ಮುರಿದು ಬಾಯಿಗಿಟ್ಟೆ.

"ಮತ್ತ ನಿನ್ನ ಮಾತು ದಿನಾ ಇರ್ತಿತ್ತು. ಊಟಕ್ಕ ಕುಂತ ಕೂಡ್ಲೆ ಶುರು. 'ನನ್ನ ಮಗಳು ಒಂದು ಕರೀ ಝಂಡಾ ಏರಿಸ್ತಾಳ ಮಸ್ತಾನ್, ಏರಿಸಿದ್ರ ಸಮುದ್ರ ಬಂದ್ ಆಗ್ತದ' ಅಂತಿದ್ದ. ನಾವು ನಗ್ತಿದ್ದೆವು. 'ನಗಬ್ಯಾಡ್ರಿ, ನಾ ಕಣ್ಣಾರ ನೋಡೀನಿ' ಅಂತಿದ್ದ."

ಕಂದಕದ ಆಚೆ ಬಿಸಿಲು ಬಿದ್ದು ಕಲ್ಲು ಇನ್ನಷ್ಟು ಕೆಂಪಾಗಿತ್ತು. ಚಾಚಾ ನೀರು ಕುಡಿದು ಬಾಯಿ ಒರೆಸಿಕೊಂಡ.

"ಹೌದು, ಈಗ ನೀ ಇಲ್ಲಿ ಬಂದಿ. ಅಲ್ಲಿ ಸಮುದ್ರ ಯಾರು ಬಂದ್ ಮಾಡ್ತಾರ?"

ಹೋದ ವರ್ಷ ದುರ್ಗಮ್ಮನ ಸೊಸೆ ಫೋನಿನಲ್ಲಿ ಹೇಳಿದ್ದಳು. ಈಗ ಎಚ್ಚರಿಕೆ ಎಲ್ಲ ಮೊಬೈಲಿಗೇ ಬರುತ್ತದೆ, ರಸ್ತೆ ಅಗಲ ಮಾಡುವಾಗ ದಿಬ್ಬವನ್ನೂ ಕಂಬವನ್ನೂ ತೆಗೆದಿದ್ದಾರೆ ಎಂದು.

"ಯಾರೂ ಇಲ್ಲ ಚಾಚಾ" ಎಂದೆ. "ಈಗ ಫೋನಿನ್ಯಾಗ ಸುದ್ದಿ ಬರ್ತದ. ಮಂದಿ ತಾವೇ ನೋಡಿ ಹೊಳ್ಳಿ ಬರ್ತಾರ."

ಅವನು ಗಚ್ಚು ಮೆತ್ತುವ ಕರಣಿ ಎತ್ತಿಕೊಂಡು, ಮೊಣಕಾಲಿಗೆ ಕೈಕೊಟ್ಟು ಎದ್ದು ನಿಂತ.

"ಮಾಣಿಕ ಇದ್ದಿದ್ರ ಇದನ್ನ ನಂಬ್ತಿದ್ದಿಲ್ಲ ನೋಡು" ಎಂದು ಗೋಡೆಯ ಕಡೆಗೆ ನಡೆದ.